ಟವೆಲ್ ಕೆಳಗಿನ ಕೈ

ಹೊಸೂರಿನಿಂದ ಕೃಷ್ಣಗಿರಿಯವರೆಗೆ ಯಾರನ್ನು ಬೇಕಾದರೂ ಕೇಳಿ. ಮುನಿಯಲ್ಲಪ್ಪ ಅಂಡ್ ಸನ್ಸ್ ಎಂದರೆ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾರೆ, ಟವೆಲ್ ಕಂಪನಿ ಎಂದರೆ ತಕ್ಷಣ ದಾರಿ ತೋರಿಸುತ್ತಾರೆ. ಹೆದ್ದಾರಿಯಲ್ಲಿ ಹೋಗುವ ಆ ಹಸಿರು ಲಾರಿಗಳು ಅವರದು, ಮಾವಿನ ರಸದ ಫ್ಯಾಕ್ಟರಿ ಅವರದು, ಸ್ಕೂಟರಿನ ತಗಡಿನ ಭಾಗಗಳನ್ನು ಒತ್ತುವ ಪ್ರೆಸ್ ಶಾಪ್ ಅವರದು, ಬ್ಯಾಟರಿ ಪೆಟ್ಟಿಗೆ ಮಾಡುವ ಹೊಸ ಕಾರ್ಖಾನೆಯೂ ಅವರದು. ಇವೆಲ್ಲದರ ನಡುವೆ ಒಂದು ಕಲ್ಯಾಣ ಮಂಟಪವೂ ಇದೆ. ಅದು ಯಾಕೆ ಎಂದು ಕೇಳಬೇಡಿ. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಒಂದು ಮಂಟಪ ಕಟ್ಟದಿದ್ದರೆ ನಮ್ಮ ಕಡೆಯವರಿಗೆ ನಿದ್ದೆ ಹತ್ತುವುದಿಲ್ಲ.

ಇಷ್ಟಕ್ಕೆಲ್ಲ ಬುಡ ಒಂದು ಟವೆಲ್. ಗುಮ್ಮಳಾಪುರದ ಮುನಿಯಲ್ಲಪ್ಪ ವಯಸ್ಸಿನಲ್ಲಿ ದನದ ಸಂತೆಯ ದಲ್ಲಾಳಿಯಾಗಿದ್ದ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವ ಹಾಗಿಲ್ಲ. ಇಬ್ಬರು ಎದುರುಬದುರು ನಿಂತು ಕೈ ಚಾಚಿ, ಮೇಲೊಂದು ಟವೆಲ್ ಹೊದಿಸಿ, ಒಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಬೆಲೆ ಕಟ್ಟುತ್ತಾರೆ. ಸುತ್ತ ನಿಂತವರಿಗೆ ಬಟ್ಟೆ ಅಲ್ಲಾಡುವುದು ಕಾಣುತ್ತದೆಯೇ ಹೊರತು ಮತ್ತೇನೂ ಕಾಣುವುದಿಲ್ಲ. ವ್ಯಾಪಾರ ಕುದುರದಿದ್ದರೆ ಕೈ ಹಿಂದಕ್ಕೆ ತೆಗೆದುಕೊಂಡು ಇಬ್ಬರೂ ಬೀಡಿ ಹಚ್ಚುತ್ತಾರೆ. ಕಡಿಮೆಗೆ ಕೇಳಿದವನಿಗೂ ನಾಚಿಕೆಯಿಲ್ಲ, ಒಲ್ಲೆ ಎಂದವನ ಮೇಲೂ ಸಿಟ್ಟಿಲ್ಲ.

ಎತ್ತಿನ ವ್ಯಾಪಾರ ಇಳಿಮುಖವಾದಾಗ ಮುನಿಯಲ್ಲಪ್ಪ ಕೃಷ್ಣಗಿರಿಯ ಮಾವಿನ ಮಂಡಿಗೆ ಬಂದ. ಅಲ್ಲೂ ಟವೆಲ್ ಕೆಳಗೇ ವ್ಯಾಪಾರ, ಅವನ ಬೆರಳು ಅಲ್ಲೂ ಮಾತಾಡಿದವು. ಹಣ್ಣು ಸಾಗಿಸಲು ಲಾರಿ ಕೊಂಡ. ಲಾರಿಗೆ ಬಾಡಿ ಕಟ್ಟಿಸಲು ಪರ ಊರಿಗೆ ಅಲೆಯುವುದೇಕೆ ಎಂದು ಹೊಸೂರಿನಲ್ಲಿ ತಾನೇ ಶೆಡ್ ಹಾಕಿದ. ಊರಿನ ಸುತ್ತ ಕಾರ್ಖಾನೆಗಳು ಏಳತೊಡಗಿದಾಗ, ಶೆಡ್ಡಿನಲ್ಲಿ ತಗಡು ಬಾಗಿಸುವ ಕೈಗಳಿದ್ದವಲ್ಲ, ಅವರಿಂದಲೇ ಸಣ್ಣಪುಟ್ಟ ಭಾಗಗಳನ್ನು ಮಾಡಿಸಿ ಒದಗಿಸಿದ. ಕೃಷ್ಣಗಿರಿ ಬೇರೆ ಜಿಲ್ಲೆಯಾದ ವರ್ಷ, ಮಂಡಿಯಲ್ಲಿ ಕೊಳೆತು ಹೋಗುವ ತೋತಾಪುರಿ ನೋಡಲಾರದೆ ರಸದ ಫ್ಯಾಕ್ಟರಿ ಇಟ್ಟ. ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬಂತು. ಇದನ್ನೆಲ್ಲ ಸೇರಿಸಿ ಗ್ರೂಪ್ ಎನ್ನಬೇಕು ಎಂದು ಹೇಳಿಕೊಟ್ಟವನು ಆಡಿಟರ್. ಮುನಿಯಲ್ಲಪ್ಪ ಸಾಯುವವರೆಗೂ ಅದನ್ನು ಮಂಡಿ ಎಂದೇ ಕರೆದ.

ಮನೆಯೊಳಕ್ಕೂ ಟವೆಲ್ ತಂದವನು ಅವನೇ. ಹೊಸದೇನಾದರೂ ಶುರು ಮಾಡುವ ಮೊದಲು, ಹಳೆಯದನ್ನು ಮುಚ್ಚುವ ಮೊದಲು, ಪಾಲುದಾರರೆಲ್ಲ ಕೃಷ್ಣಗಿರಿಯ ಹಳೇ ಮಂಡಿ ಅಂಗಡಿಯಲ್ಲಿ ಚಾಪೆ ಹಾಸಿ ಕೂರಬೇಕು. ಒಬ್ಬೊಬ್ಬರಾಗಿ ಬಂದು ಅವನ ಟವೆಲ್ ಕೆಳಗೆ ಕೈ ಇಡಬೇಕು. ಒಪ್ಪಿಗೆಯಿದ್ದರೆ ಅವನ ಒಂದು ಬೆರಳು ಹಿಡಿಯುವುದು, ಬೇಡವಾದರೆ ಅಂಗೈಗೆ ಮುಷ್ಟಿ ಒತ್ತುವುದು. ಒಂದೇ ಒಂದು ಮುಷ್ಟಿ ಬಂದರೂ ಆ ಕೆಲಸ ಬಿಟ್ಟಂತೆ. ಮುಷ್ಟಿ ಯಾರದೆಂದು ಯಾರೂ ಕೇಳಕೂಡದು, ಒತ್ತಿದವನು ಹೇಳಲೂ ಕೂಡದು. ಬಾಯಿಂದ ಬಂದ 'ಬೇಡ' ಮನಸ್ಸಿನಲ್ಲಿ ಮುಳ್ಳಾಗಿ ಉಳಿಯುತ್ತದೆ, ಬೆರಳಿನದು ಉಳಿಯುವುದಿಲ್ಲ ಎನ್ನುವುದು ಅವನ ಲೆಕ್ಕಾಚಾರ. ಇಬ್ಬರು ಗಂಡುಮಕ್ಕಳಿಂದ ದೇವರ ಮುಂದೆ ಆಣೆಯನ್ನೂ ಮಾಡಿಸಿಕೊಂಡಿದ್ದ.

ಅವನು ತೀರಿಕೊಂಡ ಮೇಲೆ ಟವೆಲ್ ಚೆಲುವಮ್ಮನ ಕೈಗೆ ಬಂತು. ಅದಕ್ಕೆ ಯಾರೂ ಕೊಂಕು ತೆಗೆಯಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಅವಳಿಗೆ ಬೆರಳಿನ ಭಾಷೆ ಕಲಿಸಿದ್ದ. ಜಗಲಿಯ ಮೇಲೆ ಕೂತು, ಟವೆಲ್ ಹೊದಿಸಿಕೊಂಡು, ಅವಳು ಕೇಳಿದ ಸೀರೆಗೆ ಒಂದೇ ಬೆರಳು ಹಿಡಿದು ಚೌಕಾಸಿ ಮಾಡುತ್ತಿದ್ದ. ಇವಳು ಐದೂ ಬೆರಳು ಹಿಡಿದು ಬಿಡುತ್ತಲೇ ಇರಲಿಲ್ಲ. ಸ್ಕೂಲಿನ ಮುಖ ನೋಡದ ಚೆಲುವಮ್ಮ ಕಂಪನಿಯ ಒಂದು ಕಾಗದವನ್ನೂ ಓದಲಾರಳು. ಆದರೆ ಕಂಪನಿಯಲ್ಲಿ ಏನು ನಡೆಯಬೇಕಾದರೂ ಅವಳ ಅಂಗೈ ದಾಟಿಯೇ ಹೋಗಬೇಕು. ಅದು ಅವಳಿಗೆ ಎಷ್ಟು ದೊಡ್ಡದಾಗಿತ್ತು ಎಂಬುದು ಅವಳೊಬ್ಬಳಿಗೇ ಗೊತ್ತು.

ಈಗ ಆ ಅಂಗೈ ಸತ್ತುಹೋಗಿತ್ತು.

ಸಕ್ಕರೆ ಕಾಯಿಲೆ ಮೊದಲು ಪಾದ ಹಿಡಿಯಿತು, ಆಮೇಲೆ ಸದ್ದಿಲ್ಲದೆ ಕೈಗೆ ಬಂತು. ಬೆರಳಿಗೆ ಗೋಣಿತಾಟು ಸುತ್ತಿದ ಹಾಗಾಯಿತು. ಹೂ ಕಟ್ಟಲು ಹೋದರೆ ದಾರ ಜಾರುತ್ತದೆ, ಸೆರಗಿಗೆ ಪಿನ್ನು ಹಾಕಲು ಹೋದರೆ ಪಿನ್ನು ಎಲ್ಲಿದೆ ಎಂದು ಕಣ್ಣೇ ಹೇಳಬೇಕು. ಡಾಕ್ಟರ ಹತ್ತಿರ ಕಾಲಿನ ಮಾತಾಡಿದಳು, ಕೈಯ ವಿಷಯ ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದರೆ ಟವೆಲ್ ಹೋಗುತ್ತದೆ. ಟವೆಲ್ ಹೋದರೆ ಅವಳು ಟೀವಿ ಮುಂದೆ ಕೂರಿಸಿ ಹೊತ್ತುಹೊತ್ತಿಗೆ ಮಾತ್ರೆ ಕೊಡುವ ಮುದುಕಿ.

ಬ್ಯಾಟರಿ ಕಾರ್ಖಾನೆಯ ಮಾತು ಬಂದದ್ದು ಎರಡು ವರ್ಷದ ಹಿಂದೆ. ಕಿರಿಮಗ ಕುಮಾರೇಶನ ಮಗಳು ಭೂಮಿಕಾ ಓದು ಮುಗಿಸಿ ಬಂದು, ಇನ್ನು ಮುಂದೆ ಓಡುವುದೆಲ್ಲ ಕರೆಂಟಿನ ಗಾಡಿಯೇ ಎಂದು ಅಪ್ಪನ ತಲೆ ತಿಂದಿದ್ದಳು. ಎಲ್ಲರೂ ಮಂಡಿಯಲ್ಲಿ ಕೂತರು. ಮೂವರು ಕೈ ಇಟ್ಟರು: ಹಿರಿಮಗ ಅಶ್ವತ್ಥಪ್ಪ, ಕುಮಾರೇಶ, ಮತ್ತು ಮುನಿಯಲ್ಲಪ್ಪನ ಸಂತೆಯ ಕಾಲದ ಜೊತೆಗಾರ ಶ್ಯಾಮಣ್ಣ. ಚೆಲುವಮ್ಮನಿಗೆ ಏನೋ ಭಾರ ಬಂದು ಹೋದದ್ದು ತಿಳಿಯಿತೇ ವಿನಾ ಬೆರಳೋ ಮುಷ್ಟಿಯೋ ತಿಳಿಯಲಿಲ್ಲ. ಮುಖಗಳನ್ನು ನೋಡಿದಳು. ಎಲ್ಲ ಸರಿಯಿದ್ದಂತೆ ಕಂಡವು. ಎಷ್ಟೋ ವರ್ಷದಿಂದ ಮುಷ್ಟಿ ಬಂದಿರಲಿಲ್ಲ, ಇವತ್ತು ಮಾತ್ರ ಯಾಕೆ ಬರುತ್ತದೆ ಎಂದುಕೊಂಡು, ಎಲ್ಲರ ಒಪ್ಪಿಗೆ ಐತೆ ಎಂದುಬಿಟ್ಟಳು.

ಕಾರ್ಖಾನೆ ಎದ್ದಿತು, ಚೆನ್ನಾಗಿಯೇ ನಡೆಯಿತು. ಕೆಟ್ಟದ್ದು ಬೇರೆಯೇ. ಅಂದಿನಿಂದ ಅಶ್ವತ್ಥಪ್ಪ ತಮ್ಮನ ಜೊತೆ ನೆಟ್ಟಗೆ ಮಾತಾಡುವುದು ಬಿಟ್ಟ. ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಕೂತು, ಹೋಳಿಗೆಗೆ ತುಪ್ಪ ಬೇಕಾದರೂ ಹೆಂಡತಿಯ ಮೂಲಕ ಕೇಳುತ್ತಿದ್ದ. ತಾಯಿಯ ಹತ್ತಿರ ಬಂದರೆ ಬಾಗಿಲಲ್ಲೇ ನಿಂತು ಔಷಧಿ ತಗೊಂಡಾ ಎಂದು ಕೇಳಿ ಹೊರಟುಬಿಡುತ್ತಿದ್ದ. ಯಾಕೆಂದು ಯಾರಿಗೂ ತಿಳಿಯದು. ಮಾವಿನ ಸುಗ್ಗಿ ಶುರುವಾಗುವ ಹೊತ್ತಿಗೆ ಅವನು ಹೇಳಿ ಕಳಿಸಿದ: ಭಾಗ ಆಗಲಿ. ಲಾರಿ, ರಸದ ಫ್ಯಾಕ್ಟರಿ ತನಗೆ, ಉಳಿದದ್ದು ತಮ್ಮನಿಗೆ. ಅಪ್ಪನ ಮರ್ಯಾದೆಗೆ ಕೊನೆಯ ಸಲ ಟವೆಲ್ ಕೆಳಗೆ ಕೈ ಇಟ್ಟು ಹೋಗೋಣ. ಕುಮಾರೇಶನೂ ರೋಸಿಹೋಗಿದ್ದ. ಆಗಲಿ ಬಿಡಿ ಎಂದ. ಭಾನುವಾರ ಬೆಳಿಗ್ಗೆ ಎಂದು ಗೊತ್ತಾಯಿತು.

ಚೆಲುವಮ್ಮ ಅತ್ತಳು, ಅತ್ತು ಮುಗಿದ ಮೇಲೆ ಯೋಚಿಸಿದಳು. ಉಪಾಯವೇನೋ ಸುಲಭವಾಗಿಯೇ ಇತ್ತು. ಇಬ್ಬರೂ ಒಪ್ಪಿದರೂ ತಾನು ಒಂದು ಮುಷ್ಟಿ ಬಂತು ಎಂದರಾಯಿತು. ಭಾಗ ನಿಂತುಹೋಗುತ್ತದೆ. ಯಾರದೆಂದು ಯಾರೂ ಕೇಳುವ ಹಾಗಿಲ್ಲ. ಅಣ್ಣನಿಗೆ ಅದು ತಮ್ಮನ ಮುಷ್ಟಿಯೇ ಇರಬೇಕು ಅನ್ನಿಸುತ್ತದೆ, ತಮ್ಮನಿಗೆ ಅಣ್ಣನದೇ ಇರಬೇಕು ಅನ್ನಿಸುತ್ತದೆ, ಇಬ್ಬರ ಮನಸ್ಸೂ ಕರಗುತ್ತದೆ. ಸತ್ತ ಕೈಯಿಂದ ಇಷ್ಟಾದರೂ ಪುಣ್ಯ ಸಿಗಲಿ ಎಂದುಕೊಂಡಳು. ಎರಡು ದಿನ ಅವಳಿಗೆ ಅನ್ನ ಸೇರಿತು.

ಶನಿವಾರ ಮಧ್ಯಾಹ್ನ ಅಶ್ವತ್ಥಪ್ಪನ ಹೆಂಡತಿ ಚಂದ್ರಲೇಖಾ ಅತ್ತೆಯ ತಲೆಗೆ ಎಣ್ಣೆ ಹಚ್ಚಲು ಬಂದಳು. ಸೊಸೆ ಹಿಂದೆ ಕೂತು, ಬಟ್ಟಲಿನ ಎಣ್ಣೆ ಮುಗಿಯುವವರೆಗೆ ತಲೆ ತಟ್ಟಿದಳು. ಕೊನೆಗೆ, ಮುಖ ಕಾಣದ ಧೈರ್ಯದಲ್ಲಿ ಬಾಯಿಬಿಟ್ಟಳು.

"ಅತ್ತೆ, ಹೇಳಬಾರದು, ಆದ್ರೂ ಹೇಳ್ತೀನಿ. ಆವತ್ತು ಬ್ಯಾಟರಿ ಮಾತಿಗೆ ನಿಮ್ಮಗ ಮುಷ್ಟಿ ಒತ್ತಿದ್ರಂತೆ. ನೀವು ಎಲ್ಲಾರೂ ಒಪ್ಪವ್ರೆ ಅಂದ್ಬುಟ್ರಿ. ಆಣೆ ಐತೆ ಅಂತ ಅವರು ಯಾರಿಗೂ ಹೇಳ್ಲಿಲ್ಲ. ಮೊನ್ನೆ ನಂತಾವ ಹೇಳ್ಕೊಂಡು ಅತ್ಬುಟ್ರು."

ಎಣ್ಣೆ ಹಣೆಗೆ ಇಳಿದರೂ ಚೆಲುವಮ್ಮ ಒರೆಸಿಕೊಳ್ಳಲಿಲ್ಲ.

ಉಳಿದದ್ದನ್ನು ಚಂದ್ರಲೇಖಾ ತಡೆತಡೆದು ಹೇಳಿದಳು. ಬ್ಯಾಟರಿ ಕಾರ್ಖಾನೆ ಎದ್ದದ್ದು ಲಾರಿ ಬಾಡಿ ಕಟ್ಟುವ ಹಳೇ ಶೆಡ್ಡಿನ ಜಾಗದಲ್ಲಿ. ಮೀಸೆ ಮೂಡುವ ಮೊದಲೇ ಅಶ್ವತ್ಥಪ್ಪ ಆ ಶೆಡ್ಡಿಗೆ ಸೇರಿದವನು. ಮರ ಕೊಯ್ದು, ತಗಡು ಬಡಿದು, ಲಾರಿಯ ಹಣೆಗೆ ಬಣ್ಣದ ಹೂ ಬರೆಯುವುದರವರೆಗೆ ಎಲ್ಲ ಕಲಿತದ್ದು ಅಲ್ಲೇ. ಲಾಭ ಅಷ್ಟಕ್ಕಷ್ಟೇ ಎಂದು ಅವನಿಗೂ ಗೊತ್ತಿತ್ತು. ಆದರೂ ಅದನ್ನು ಕೆಡವುವುದಕ್ಕೆ ಮನಸ್ಸು ಒಪ್ಪದೆ ಮುಷ್ಟಿ ಒತ್ತಿದ. ತಾಯಿ ಅದನ್ನು ನುಂಗಿಕೊಂಡಳು ಎಂದರೆ, ಕಿರಿಮಗನ ಮಗಳ ಕಡೆ ವಾಲಿದಳು ಎಂದೇ ಅರ್ಥ. ಅಮ್ಮನೇ ಸುಳ್ಳಾಡಿದ ಮೇಲೆ ಯಾವ ಮುಖ ಇಟ್ಟುಕೊಂಡು ಒಟ್ಟಿಗಿರೋದು ಎನ್ನುತ್ತಿದ್ದಾನಂತೆ.

"ನಾನು ವಾಲ್ಲಿಲ್ಲ ಕಣಮ್ಮ," ಎಂದಳು ಚೆಲುವಮ್ಮ. ಸತ್ತ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಸೊಸೆ ನಂಬಿದಳೋ ಬಿಟ್ಟಳೋ, ಜಡೆ ಹೆಣೆದು ಗಂಟು ಹಾಕಿ ಎದ್ದು ಹೋದಳು.

ಎಂಥಾ ಪೆದ್ದು ಕೆಲಸವಾಗಿತ್ತು ನೋಡಿ. ಮುನಿಯಲ್ಲಪ್ಪ ಮನಸ್ಸು ಮುರಿಯದಿರಲಿ ಎಂದು ಮಾಡಿದ ಕಟ್ಟಳೆ ಎಲ್ಲರ ಬಾಯಿಗೂ ಬೀಗ ಹಾಕಿತ್ತು. ಮಗ ಆಣೆಗೆ ಹೆದರಿ ಕೇಳಲಿಲ್ಲ, ತಾಯಿ ಟವೆಲ್ ಹೋದೀತೆಂದು ಹೆದರಿ ಹೇಳಲಿಲ್ಲ. ಒಬ್ಬರಾದರೂ ಒಂದು ಮಾತು ಆಡಿದ್ದರೆ ಒಂದು ಕಾಫಿ ಕುಡಿಯುವ ಹೊತ್ತಿನಲ್ಲಿ ಬಗೆಹರಿಯುತ್ತಿದ್ದ ಸಂಗತಿ, ಈಗ ಲಾಯರ್ ಮನೆ ಮೆಟ್ಟಿಲವರೆಗೆ ಹೋಗಿ ನಿಂತಿತ್ತು.

ಭಾನುವಾರ ಅಜ್ಜಿಯನ್ನು ಕೃಷ್ಣಗಿರಿಗೆ ಕರೆದುಕೊಂಡು ಹೋದವಳು ಭೂಮಿಕಾ. ಶೂಲಗಿರಿ ದಾಟಿದ ಮೇಲೆ ಕಾಫಿಗೆ ಕಾರು ನಿಲ್ಲಿಸಿದರು. ಕಾಫಿ ಕುದಿಯುತ್ತಿತ್ತು. ಸ್ಟೀಲ್ ಲೋಟದ ಅಂಚನ್ನು ಹಿಡಿಯಲಾರದೆ ಭೂಮಿಕಾ ದುಪಟ್ಟಾದ ತುದಿ ಸುತ್ತಿಕೊಂಡಳು. ಚೆಲುವಮ್ಮ ಬರಿಗೈಯಲ್ಲಿ ಲೋಟವನ್ನು ನಡುಮಧ್ಯೆ ಹಿಡಿದು, ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಬೆರಳು ಕೆಂಪಾಗುತ್ತಿದ್ದವು. ಮೊಮ್ಮಗಳು ಲೋಟ ಕಿತ್ತುಕೊಂಡು ಆ ಕೈಯನ್ನು ತಿರುಗಿಸಿ ನೋಡಿದಳು. ಹಳೆಯ ಬೊಬ್ಬೆಯ ಕಲೆಗಳೂ ಅಲ್ಲಿದ್ದವು.

"ಎಷ್ಟು ದಿನದಿಂದ ಅಜ್ಜಿ?" ಎಂದು ಕೇಳಿದಳು.

ಚೆಲುವಮ್ಮ ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು. ಭೂಮಿಕಾ ಜಾಣೆ, ಲೆಕ್ಕ ತಾನೇ ಹಾಕಿಕೊಂಡಳು. ನನ್ನ ಕಾರ್ಖಾನೆಯ ಮಾತಿನ ದಿನವೂ ಹೀಗೇ ಇತ್ತಾ ಎಂದು ಕೇಳಲು ಬಾಯಿ ತೆರೆದು, ಕೇಳದೆ, ನೀರಿನ ಬಾಟಲಿ ತಂದು ಅಜ್ಜಿಯ ಬೆರಳಿಗೆ ಸುರಿದಳು. ಆಮೇಲೆ ದಾರಿಯುದ್ದಕ್ಕೂ ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೇ ಗೇರ್ ಬದಲಾಯಿಸಿದಳು.

ಮಂಡಿಯಲ್ಲಿ ಸುಗ್ಗಿಯ ಗದ್ದಲ. ಹೊರಗೆ ತಮಿಳಿನಲ್ಲಿ ಹರಾಜು, ತೆಲುಗಿನಲ್ಲಿ ಬೈಗುಳ, ಕನ್ನಡದಲ್ಲಿ ಸಮಾಧಾನ. ಒಳಗಿನ ಅಂಗಡಿಯಲ್ಲಿ ಹುಲ್ಲಿನ ಮೇಲೆ ಮಾಗುತ್ತಿದ್ದ ಹಣ್ಣಿನ ವಾಸನೆ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಮುನಿಯಲ್ಲಪ್ಪ ನೋಡುತ್ತಿದ್ದ. ಚಾಪೆಯ ಈ ತುದಿಗೆ ಅಶ್ವತ್ಥಪ್ಪ, ಆ ತುದಿಗೆ ಕುಮಾರೇಶ, ನಡುವೆ ಇಬ್ಬರ ಕಡೆಗೂ ಒಂದೊಂದು ಸಲ ಕೆಮ್ಮುತ್ತ ಶ್ಯಾಮಣ್ಣ. ಹೆಂಗಸರು ಹಿಂದಿನ ಬೆಂಚಿನ ಮೇಲೆ. ಭೂಮಿಕಾ ಅಪ್ಪನ ಹಿಂದೆ ನಿಂತಳು.

ಚೆಲುವಮ್ಮ ಗಂಡನ ಟವೆಲ್ ಬಿಡಿಸಿ ಬಲಗೈ ಮೇಲೆ ಹೊದಿಸಿಕೊಂಡಳು. ಮೊದಲು ಶ್ಯಾಮಣ್ಣ ಬಂದು ಕೈ ಇಟ್ಟು ಕಣ್ಣೊರೆಸಿಕೊಂಡು ಹೋದ. ಆಮೇಲೆ ಕುಮಾರೇಶ. ಅವನು ತಾಯಿಯ ಮುಖ ನೋಡಲಿಲ್ಲ, ಕೈ ಒಳಗೆ ಹೋಗಿದ್ದೂ ಬಂದದ್ದೂ ತಿಳಿಯಲಿಲ್ಲ. ಕೊನೆಗೆ ಅಶ್ವತ್ಥಪ್ಪ ಎದುರಿಗೆ ಬಂದು ಮಂಡಿಯೂರಿದ. ತಲೆಗೂದಲು ನೆರೆತು ತಂದೆಯ ಹಾಗೇ ಕಾಣುತ್ತಿದ್ದ. ಟವೆಲ್ ಅಲ್ಲಾಡಿತು, ನಿಂತಿತು. ಚೆಲುವಮ್ಮನ ಬೆರಳಿಗೆ ಏನೂ ಹೇಳಲಿಲ್ಲ ಅದು.

ಮುಷ್ಟಿ ಬಂತು ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೇಳಿದರೆ ಮನೆ ಒಡೆಯುವುದಿಲ್ಲ. ಆದರೆ ಎದುರಿಗಿದ್ದ ಮಗನ ಕಣ್ಣು ನೋಡಿದಳು. ಈ ಮುದುಕಿ ಈ ಸಲ ಯಾವ ಸುಳ್ಳು ಹೇಳುತ್ತಾಳೆ ಎಂದು ಕಾಯುತ್ತಿದ್ದ ಕಣ್ಣು ಅದು. ತಾನು ಹೆತ್ತ ಮಗ ತನ್ನನ್ನು ಹಾಗೆ ನೋಡುವುದನ್ನು ಅವಳಿಂದ ತಡೆದುಕೊಳ್ಳಲು ಆಗಲಿಲ್ಲ.

"ಅಶ್ವತ್ಥ," ಎಂದಳು. "ನೀನು ಬೆರಳು ಹಿಡ್ದಿದ್ದೀಯೋ ಮುಷ್ಟಿ ಒತ್ತಿದ್ದೀಯೋ ನಂಗೆ ತಿಳೀತಾ ಇಲ್ಲ ಕಣಪ್ಪ. ಬಾಯಲ್ಲಿ ಹೇಳು. ನನ್ನ ಕೈಯಾಗೆ ಏನೂ ಇಲ್ಲ. ಸತ್ತೋಗೈತೆ."

ಆ ಚಾಪೆಯ ಮೇಲೆ, ಟವೆಲ್ ಹೊದಿಸಿದ ಮೇಲೆ, ಯಾರೂ ಬಾಯಿ ತೆರೆದದ್ದೇ ಇರಲಿಲ್ಲ. ಶ್ಯಾಮಣ್ಣ ಗಾಬರಿಯಿಂದ ಮುನಿಯಲ್ಲಪ್ಪನ ಪಟ ನೋಡಿದ. ಪಟ ಬೀಳಲಿಲ್ಲ.

ಚೆಲುವಮ್ಮ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಧೈರ್ಯ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಎರಡು ವರ್ಷದಿಂದ ಹೀಗೇ ಇದೆ, ಬ್ಯಾಟರಿ ಮಾತಿನ ದಿನವೂ ತನಗೆ ಏನೂ ತಿಳಿಯಲಿಲ್ಲ, ಯಾರ ಕಡೆಯೂ ವಾಲಲಿಲ್ಲ, ಟವೆಲ್ ಕಿತ್ತುಕೊಂಡು ಮೂಲೆಗೆ ಕೂರಿಸುತ್ತೀರಿ ಎಂದು ಹೆದರಿ ಬಾಯಿಗೆ ಬಂದದ್ದು ಹೇಳಿದೆ ಎಂದಳು. ಭೂಮಿಕಾ ಮುಂದೆ ಬಂದು, ಅಜ್ಜಿಯ ಎಡಗೈಯನ್ನು ಎತ್ತಿ ದೊಡ್ಡಪ್ಪನಿಗೆ ತೋರಿಸಿದಳು. ಬೊಬ್ಬೆಯ ಕಲೆಗಳು ಆ ಕೈಯಲ್ಲೂ ಇದ್ದವು. ಏನೂ ವಿವರಿಸುವ ಅಗತ್ಯ ಬೀಳಲಿಲ್ಲ.

ಮೊದಲು ಮಾತಾಡಿದವನು ಕುಮಾರೇಶ. ಚಾಪೆಯ ಆ ತುದಿಯಿಂದ ಅಣ್ಣನ ಹತ್ತಿರಕ್ಕೆ ಸರಿದ.

"ಅಣ್ಣ, ಆವತ್ತು ನೀನು ಮುಷ್ಟಿ ಒತ್ತಿದ್ದಾ?"

ಅಶ್ವತ್ಥಪ್ಪ ಹೌದೆಂದು ತಲೆಯಾಡಿಸಿದ.

"ಮತ್ತೆ ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ? ಶೆಡ್ಡು ಕೆಡವೋದು ಬ್ಯಾಡ ಅಂದಿದ್ರೆ ಪಕ್ಕದ ಜಾಗದಾಗೆ ಕಟ್ತಿದ್ದೆ. ನೀನು ಒಪ್ಪಿಕೊಂಡು ಆಮ್ಯಾಕೆ ಮುಖ ತಿರುಗಿಸ್ತಾ ಇದ್ದೀಯ ಅಂತ ನಾನು ಕುದ್ದುಹೋಗಿದ್ದೆ."

"ಅಪ್ಪನ ಆಣೆ ಇತ್ತಲ್ಲೋ," ಎಂದ ಅಶ್ವತ್ಥಪ್ಪ.

ಆಗ ಶ್ಯಾಮಣ್ಣನಿಗೆ ಏನಾಯಿತೋ, ಎಲ್ಲರೂ ಬಾಯಿ ಬಿಡುವ ಕಾಲ ಬಂತು ಎಂದುಕೊಂಡನೋ ಏನೋ, ತಾನೂ ಒಂದು ಗುಟ್ಟು ಹೇಳಿಬಿಟ್ಟ. ಇಷ್ಟು ವರ್ಷವೂ ತಾನು ಬೆರಳೇ ಹಿಡಿದದ್ದಂತೆ, ಕೀಲುನೋವಿಗೆ ಬೆರಳು ಪೂರ್ತಿ ಮಡಚಿ ಮುಷ್ಟಿ ಮಾಡಲು ಆಗುತ್ತಲೇ ಇರಲಿಲ್ಲವಂತೆ. ಕಲ್ಯಾಣ ಮಂಟಪ ಬೇಡವೆಂದು ತನಗೆ ಆವತ್ತೇ ಅನ್ನಿಸಿತ್ತಂತೆ. ಚಂದ್ರಲೇಖಾ ಮೊದಲು ನಕ್ಕಳು, ಆಮೇಲೆ ಕುಮಾರೇಶ ನಕ್ಕ. ಅಶ್ವತ್ಥಪ್ಪ ನಗುತ್ತ ನಗುತ್ತಲೇ ಅತ್ತುಬಿಟ್ಟ.

ಆ ಮೇಲೆ ನಡೆದದ್ದೆಲ್ಲ ಮಂಡಿಯ ವ್ಯಾಪಾರದಂತೆ ಗಲಾಟೆಯಲ್ಲೇ ನಡೆಯಿತು. ಕರೆಂಟಿನ ಸಾಮಾನು ಗಾಡಿ ಮಾಡುವ ಕಂಪನಿಗೆ ಬ್ಯಾಟರಿ ಪೆಟ್ಟಿಗೆ ಕೊಡುತ್ತೇವಲ್ಲ, ಗಾಡಿಯ ಹಿಂದಿನ ಬಾಡಿಯನ್ನೂ ಕಟ್ಟಿಕೊಡುತ್ತೀರಾ ಎಂದು ಅವರು ಹೋದ ತಿಂಗಳಿಂದ ಕೇಳುತ್ತಿದ್ದಾರೆ, ದೊಡ್ಡಪ್ಪನನ್ನು ಕೇಳುವ ಧೈರ್ಯ ತನಗಿರಲಿಲ್ಲ ಎಂದಳು ಭೂಮಿಕಾ. ಅದೇನು ಗಾಡಿ, ಎಷ್ಟು ಭಾರ ಹೊರುತ್ತದೆ, ಮರ ಹಾಕಬಹುದೋ ಬರೀ ತಗಡೋ ಎಂದು ಅಶ್ವತ್ಥಪ್ಪ ಮೂಗೊರೆಸಿಕೊಳ್ಳುತ್ತಲೇ ಕೇಳತೊಡಗಿದ. ಹಳೇ ಶೆಡ್ಡಿನ ಹುಡುಗರು ಈಗ ಲಾರಿ ಗ್ಯಾರೇಜಿನಲ್ಲಿ ಬೇಜಾರಿನಲ್ಲಿ ಕೂತಿದ್ದಾರೆ, ಕರೆದರೆ ಇವತ್ತೇ ಓಡಿ ಬರುತ್ತಾರೆ ಎಂದ. ಪಕ್ಕದ ಜಾಗ ಖಾಲಿಯೇ ಇದೆ ಎಂದ ಕುಮಾರೇಶ. ಮುಂಗಡವಾಗಿಯೇ ಒಂದು ಜಗಳವನ್ನೂ ಶುರು ಮಾಡಿಕೊಂಡರು, ಬಣ್ಣ ಹಸಿರೋ ನೀಲಿಯೋ ಎಂದು. ಬಾಯಲ್ಲಿ ಆಡಿದ ಆ ಮನೆಯ ಮೊದಲ ಜಗಳ ಅದು, ಕೇಳುವುದಕ್ಕೆ ಬಹಳ ಚೆನ್ನಾಗಿತ್ತು.

"ಭಾಗದ ಮಾತು ಬಿಡ್ರಿ," ಎಂದ ಅಶ್ವತ್ಥಪ್ಪ ಕೊನೆಗೆ, ಯಾರೂ ಕೇಳದಿದ್ದರೂ. "ಲಾಯರ್‌ಗೆ ನಾನೇ ಫೋನ್ ಮಾಡಿ ಹೇಳ್ತೀನಿ."

ಚೆಲುವಮ್ಮನಿಗೆ ಹೋದ ಜೀವ ಬಂದಂತಾಯಿತು. ಟವೆಲ್ ಇನ್ನು ತನ್ನದಲ್ಲ ಎನ್ನುವುದೂ ಅದರ ಜೊತೆಗೇ ತಿಳಿಯಿತು. ಇನ್ನು ಮೇಲೆ ಇವರು ಬಾಯಲ್ಲೇ ಆಡಿಕೊಳ್ಳುತ್ತಾರೆ. ಅವಳು ಅಂದುಕೊಂಡಷ್ಟು ನೋವಾಗಲಿಲ್ಲ, ಸ್ವಲ್ಪ ಮಾತ್ರ ಆಯಿತು. ಗಂಡನ ಟವೆಲ್ ಮಡಚಿ ಒಳಗಿಡೋಣವೆಂದು ನೋಡಿದರೆ, ಬಟ್ಟೆ ಇನ್ನೂ ಅವಳ ಕೈ ಮೇಲೆ ಹಾಗೇ ಇತ್ತು. ಒಂದು ಕಡೆಯಿಂದ ಅಶ್ವತ್ಥಪ್ಪನ ತೋಳು ಅದರೊಳಗೆ ಹೋಗಿತ್ತು. ಅಷ್ಟೆಲ್ಲ ಮಾತಾಡಿ, ಅತ್ತು, ಜಗಳವಾಡಿದರೂ ಅವನು ಕೈ ತೆಗೆದಿರಲೇ ಇಲ್ಲ.

"ಇನ್ನೂ ಒಳಗೇ ಮಡಗಿದ್ದೀಯಲ್ಲೋ," ಎಂದಳು. "ಈಗ ಏನಂತೆ ನಿನ್ನ ಕೈ? ನಂಗೆ ತಿಳಿಯಾಕಿಲ್ಲ, ನೀನೇ ಹೇಳು."

"ಏನೂ ಅಂತಿಲ್ಲಮ್ಮ," ಎಂದ ಅಶ್ವತ್ಥಪ್ಪ. "ಸುಮ್ಕೆ ನಿನ್ನ ಕೈ ಹಿಡ್ಕೊಂಡಿದೀನಿ."